ಖಾಲಿ ಗಾಡಿಯ ತೂಕ

ಗಂಗಾವತಿ ಸೀಮೆಯಲ್ಲಿ ಭತ್ತದ ಸುಗ್ಗಿ ಶುರುವಾದರೆ ಕಾಟಾಗಳ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲು ಬೀಳುತ್ತದೆ. ತುಂಬಿದ ಗಾಡಿ ಒಮ್ಮೆ ಕಾಟಾ ಹತ್ತಿ ಇಳಿಯುತ್ತದೆ. ಮಾಲು ಇಳಿಸಿದ ಮೇಲೆ ಅದೇ ಗಾಡಿ ಅದೇ ಕಾಟಾವನ್ನು ಇನ್ನೊಮ್ಮೆ ಹತ್ತುತ್ತದೆ. ಕೈಗೆ ಬರುವ ಚೀಟಿಯಲ್ಲಿ ಗಾಡಿ ನಂಬರು, ತಾರೀಖು, ವೇಳೆ, ತುಂಬಿದ ತೂಕ, ಖಾಲಿ ತೂಕ, ಕೊನೆಗೆ ನಿವ್ವಳ ತೂಕ ಇರುತ್ತವೆ. ರೊಕ್ಕದ ಲೆಕ್ಕ ನಡೆಯುವುದು ಆ ಕೊನೆಯ ಸಾಲಿನ ಮೇಲೆ. ಈ ಪದ್ಧತಿಯೊಳಗೆ ದೊಡ್ಡದೊಂದು ಜಾಣತನ ಅಡಗಿದೆ. ಕಾಟಾ ನಲವತ್ತು ಕಿಲೋ ಹೆಚ್ಚು ತೋರಿಸುವ ಚಾಳಿಯದ್ದೇ ಆಗಿರಲಿ, ಎರಡೂ ಸಲ ಅಷ್ಟೇ ಹೆಚ್ಚು ತೋರಿಸುವುದರಿಂದ ಒಂದರಲ್ಲಿ ಇನ್ನೊಂದನ್ನು ಕಳೆದಾಗ ಆ ತಪ್ಪು ತಾನಾಗಿ ಅಳಿದುಹೋಗುತ್ತದೆ. ಆದರೆ ತುಂಬಿದ ತೂಕವನ್ನು ಈ ಕಾಟಾದಲ್ಲಿ ನೋಡಿ, ಖಾಲಿ ತೂಕವನ್ನು ಗಾಡಿಯ ಆರ್‌ಸಿ ಪುಸ್ತಕದಿಂದ ಎತ್ತಿ ಕಳೆದರೆ ಆ ಲೆಕ್ಕವನ್ನು ಯಾವ ರೈತನೂ ಒಪ್ಪಲಾರ. ಟರ್ಬೊ ಕಾರುಗಳ ಎಚ್‌ಪಿ ವಿಚಾರದಲ್ಲಿ ಮಾತ್ರ ಓದಿದವರು, ಯಂತ್ರ ಬಲ್ಲವರು, ಕಾರಿಗಾಗಿ ಲಕ್ಷಗಟ್ಟಲೆ ಖರ್ಚು ಮಾಡಿದವರು ದಿನಾಲೂ ಇದೇ ಲೆಕ್ಕವನ್ನು ಒಪ್ಪುತ್ತಿದ್ದಾರೆ.

ಒಂದು ಕಾರನ್ನೇ ಹಿಡಿದು ನೋಡೋಣ. 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟ್‌ನ ಎಂಜಿನ್ ಮೂಲತಃ ಫಿಯೆಟ್‌ನವರದು, 1248 ಸಿಸಿಯದು. ಕಂಪನಿ ಹೇಳಿದ ಶಕ್ತಿ 4000 ಆರ್‌ಪಿಎಂನಲ್ಲಿ 75 ಪಿಎಸ್, ಟಾರ್ಕ್ 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್. 2020ರಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಕಂಪನಿ ಈ ಎಂಜಿನ್ನನ್ನು ಕೈಬಿಟ್ಟಿತು, ಆದರೆ ಹಳೆಯ ಗಾಡಿಗಳ ಪೇಟೆಯಲ್ಲಿ ಇವಕ್ಕೆ ಇನ್ನೂ ಗಿರಾಕಿಗಳಿದ್ದಾರೆ. ಇಂಥ ಕಾರಿನಲ್ಲಿ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿನ ಸಾಫ್ಟ್‌ವೇರ್ ಬದಲಿಸಿ, ಹೆಚ್ಚೆಂದರೆ ಏರ್ ಫಿಲ್ಟರನ್ನೂ ಸೈಲೆನ್ಸರಿನ ಕೊಳವೆಯನ್ನೂ ಬದಲಿಸಿ, ಈಗ ನೂರು ಎಚ್‌ಪಿ ಆಯಿತು ಎಂದು ಹೇಳುವುದು ಟ್ಯೂನಿಂಗ್ ವ್ಯವಹಾರದಲ್ಲಿ ಸಾಮಾನ್ಯ ಮಾತು. ಪುರಾವೆಯಾಗಿ, ಕಾರನ್ನು ರೋಲರುಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೋ ಯಂತ್ರದ ಒಂದು ಹಾಳೆ ಇರುತ್ತದೆ. ಅಲ್ಲಿಂದ ಜಗಳ ಶುರು. ಒಂದು ಕಡೆಯವರು ಹಾಳೆ ತೋರಿಸಿ ನಂಬಿ ಎನ್ನುತ್ತಾರೆ. ಇನ್ನೊಂದು ಕಡೆಯವರು ಡೈನೋ ಅನ್ನುವುದೇ ಬೋಗಸ್, ಬೇಕಾದ ಸಂಖ್ಯೆ ಬರಿಸಬಹುದು ಎನ್ನುತ್ತಾರೆ. ನನ್ನ ಮಟ್ಟಿಗೆ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಒಂದು ಹಾಳೆ ಎಂದರೆ ತುಂಬಿದ ಗಾಡಿಯ ತೂಕವಷ್ಟೇ. ಅದನ್ನು ನಂಬುವುದಕ್ಕೂ ಆಗದು, ತಳ್ಳಿಹಾಕುವುದಕ್ಕೂ ಆಗದು. ಖಾಲಿ ತೂಕದ ಹಾಳೆ ಎಲ್ಲಿದೆ ಎಂದು ಕೇಳಬೇಕು. ಕೆಲಸ ಮಾಡಿಸುವ ಮುಂಚೆ ಅದೇ ಕಾರು, ಅದೇ ರೋಲರುಗಳ ಮೇಲೆ, ಅದೇ ದಿನ, ಅದೇ ಗೇರಿನಲ್ಲಿ ಎಷ್ಟು ತೋರಿಸಿತ್ತು?

ಎಚ್‌ಪಿ ಎಂಬ ಮಾತನ್ನು ಈ ನಾಡಿನವರು ಕಾರಿನಿಂದ ಕಲಿತದ್ದಲ್ಲ. ಯಲಬುರ್ಗಾ, ಕುಷ್ಟಗಿಯ ಬೋರ್‌ವೆಲ್ ಹೊಲಗಳಲ್ಲಿ ಐದು ಎಚ್‌ಪಿ ಮೋಟಾರು, ಏಳೂವರೆ ಎಚ್‌ಪಿ ಮೋಟಾರು ಎನ್ನುವುದು ಮನೆಮಾತು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡುವುದರಿಂದ ಆ ಅಂಕಿಗೆ ಮನೆಯ ಲೆಕ್ಕದಲ್ಲೂ ಜಾಗವಿದೆ. ಐದು ಎಚ್‌ಪಿ ಮೋಟಾರಿನ ತಗಡಿನ ಮೇಲೆ 3.7 ಕಿಲೋವಾಟ್ ಎಂದೂ ಬರೆದಿರುತ್ತದೆ. ಅದು ಮೋಟಾರಿನ ಶಾಫ್ಟ್ ಕೊಡುವ ಶಕ್ತಿ. ತಂತಿಯಿಂದ ಎಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು, ಪೈಪಿನ ಬಾಯಲ್ಲಿ ನೀರಾಗಿ ಹೊರಬೀಳುವುದು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿಯೇ ರೈತ ಎಚ್‌ಪಿಯ ಮಾತಿಗೆ ನಿಲ್ಲದೆ ಎರಡಿಂಚು ನೀರು ಬಂತೋ ಇಲ್ಲವೋ ಎಂದು ಪೈಪಿನ ಬಾಯಿ ನೋಡುತ್ತಾನೆ. ಒಂದೇ ಯಂತ್ರಕ್ಕೆ ಮೂರು ಜಾಗದಲ್ಲಿ ಮೂರು ಅಳತೆ, ಮೂರೂ ಖರೆ. ಕಾರಿನದೂ ಹಾಗೆಯೇ. ಕಂಪನಿ ಹೇಳುವ 75 ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹತ್ತಿರದ್ದು. ಡೈನೋ ರೋಲರು ಅಳೆಯುವುದು ಗೇರ್‌ಬಾಕ್ಸ್, ಆ್ಯಕ್ಸಲ್, ಟಯರುಗಳಲ್ಲಿ ಸವೆದು ಗಾಲಿಗೆ ಉಳಿದದ್ದನ್ನು. ಶಕ್ತಿ ಅಳೆಯುವುದೂ ಇಲ್ಲಿಗೆ ಹೊಸದಲ್ಲ. ಬಾಗಲಕೋಟೆ, ವಿಜಯಪುರ ಕಡೆಯ ತೆರೆಬಂಡಿ ಸ್ಪರ್ಧೆಯಲ್ಲಿ ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ಗೊತ್ತುಪಡಿಸಿದ ವೇಳೆಯೊಳಗೆ ಎಷ್ಟು ದೂರ ಜಗ್ಗಿದವು ಎಂದು ಅಳೆಯುತ್ತಾರೆ. ಭಾರ, ದೂರ, ಹೊತ್ತು ಮೂರೂ ನೆರೆದ ಜನರ ಕಣ್ಣೆದುರಿಗಿರುತ್ತವೆ. ಜೇಮ್ಸ್ ವಾಟ್ ಕುದುರೆಯ ಲೆಕ್ಕ ಹಾಕಿದ್ದೂ ಇದೇ ಮೂರರಿಂದ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಪಿಎಸ್. ವಾಟ್‌ನ ಎಚ್‌ಪಿ ಇದಕ್ಕಿಂತ ಕೂದಲೆಳೆಯಷ್ಟು ದೊಡ್ಡದು, 100 ಪಿಎಸ್ ಅಂದರೆ 98.6 ಎಚ್‌ಪಿ.

ಎಲ್ಲಿ ಅಳೆದದ್ದು ಎಂಬ ಪ್ರಶ್ನೆ ಟ್ರ್ಯಾಕ್ಟರಿನವರಿಗೆ ನೂರು ವರ್ಷಗಳ ಹಿಂದೆಯೇ ಎದುರಾಗಿತ್ತು, ಅವರು ಅದನ್ನು ಕಾನೂನು ಮಾಡಿಯೇ ಬಗೆಹರಿಸಿದರು. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಹೇಳಿದಷ್ಟು ಎಳೆಯದ ಟ್ರ್ಯಾಕ್ಟರು ಕೊಂಡು ಸೋತ ವಿಲ್ಮಟ್ ಕ್ರೋಜಿಯರ್ ಎಂಬ ರೈತ ಶಾಸನಸಭೆಯ ಸದಸ್ಯನೂ ಆಗಿದ್ದ. 1919ರಲ್ಲಿ ಅಲ್ಲಿ ಕಾಯ್ದೆ ಬಂತು. ರಾಜ್ಯದಲ್ಲಿ ಮಾರುವ ಟ್ರ್ಯಾಕ್ಟರು ವಿಶ್ವವಿದ್ಯಾಲಯದ ಪರೀಕ್ಷೆಗೆ ಒಳಗಾಗಬೇಕು, ಕಂಪನಿಯ ಮಾತಿಗೂ ಅಳತೆಗೂ ತಾಳೆಯಾಗಬೇಕು. 1920ರಲ್ಲಿ ಮೊದಲ ಪರೀಕ್ಷೆಗೆ ನಿಂತ ವಾಟರ್‌ಲೂ ಬಾಯ್ ಟ್ರ್ಯಾಕ್ಟರನ್ನು 12–25 ಎಂದು ಕರೆಯುತ್ತಿದ್ದರು. ಹಿಂದಿನ ಕೊಂಡಿಯಲ್ಲಿ ಎಳೆಯುವಾಗ 12 ಎಚ್‌ಪಿ, ಪಟ್ಟಾ ಹಾಕಿ ಯಂತ್ರ ತಿರುಗಿಸುವಾಗ 25 ಎಚ್‌ಪಿ. ಮಾರುವವನೇ ಎರಡು ಅಂಕಿ ಒಟ್ಟಿಗೆ ಹೇಳುತ್ತಿದ್ದ, ಎರಡೂ ಎಲ್ಲೆಲ್ಲಿ ಅಳೆದವು ಎಂಬುದು ಕೊಳ್ಳುವವನಿಗೆ ತಿಳಿದಿತ್ತು. ನಮ್ಮಲ್ಲಿ ಮಧ್ಯಪ್ರದೇಶದ ಬುದ್ನಿಯ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರಿನ ಹಿಂದೆ ಯಂತ್ರ ತಿರುಗಿಸುವ ಪಿಟಿಒ ಶಾಫ್ಟಿಗೆ ಡೈನಮೋಮೀಟರ್ ಕಟ್ಟಿ ಅಳೆದು ವರದಿ ಕೊಡುತ್ತದೆ. ಎಂಜಿನ್ ಎಚ್‌ಪಿ ಬೇರೆ, ಪಿಟಿಒ ಎಚ್‌ಪಿ ಬೇರೆ ಎಂದು ರೋಟಾವೇಟರ್ ಕೊಳ್ಳುವ ಮುಂಚೆ ವಿಚಾರಿಸುವ ರೈತರು ಕೊಪ್ಪಳ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅವರ ಮನೆಯ ಮುಂದೆ ನಿಂತ ಟರ್ಬೊ ಕಾರಿಗೂ ಇದೇ ವಿಚಾರಣೆ ಸಲ್ಲಬೇಕು ಎಂಬುದಷ್ಟೇ ನನ್ನ ಹಟ.

ಗಾಲಿಯ ಅಳತೆಯನ್ನು ಎಂಜಿನ್ನಿನ ಅಳತೆಗೆ ಏರಿಸುವ ಜಾಗದಲ್ಲೇ ಸಂಖ್ಯೆ ಹಿಗ್ಗುವುದು. ರೋಲರಿನ ಮೇಲೆ ಒಂದು ಕಾರು 65 ತೋರಿಸಿತು ಎಂದುಕೊಳ್ಳಿ. ದಾರಿಯಲ್ಲಿ ಶೇ 15 ಸವೆದಿದೆ ಎಂದು ಹಿಡಿದರೆ ಎಂಜಿನ್ನಿನ ಶಕ್ತಿ 76, ಶೇ 20 ಎಂದರೆ 81, ಶೇ 25 ಎಂದರೆ 87 ಸಮೀಪ. ಕಾರು ಒಂದೇ, ಓಟ ಒಂದೇ, ಗಾಲಿ ತಿರುಗಿದ್ದೂ ಅಷ್ಟೇ. ಆಪರೇಟರು ಕಂಪ್ಯೂಟರಿನಲ್ಲಿ ತುಂಬಿದ ಒಂದು ಅಂಕಿಯಿಂದ ಹತ್ತಕ್ಕೂ ಹೆಚ್ಚು ಕುದುರೆ ಹುಟ್ಟಿದವು. ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ಗೇರ್‌ಬಾಕ್ಸಿನ ಎಣ್ಣೆ ಕದಡುವುದಕ್ಕೆ, ಬೇರಿಂಗು ತಿರುಗುವುದಕ್ಕೆ, ಟಯರು ರೋಲರಿನ ಮೇಲೆ ಅಮುಕಿ ಎದ್ದೇಳುವುದಕ್ಕೆ ಖರ್ಚಾಗುವ ಶಕ್ತಿಯ ಬಹುಭಾಗ ವೇಗದ ಮೇಲೆ, ಟಯರಿನ ಗಾಳಿಯ ಮೇಲೆ, ಕಾರನ್ನು ಪಟ್ಟಿಯಿಂದ ಎಷ್ಟು ಬಿಗಿದರು ಎಂಬುದರ ಮೇಲೆ ನಿಂತಿದೆ. ಎಂಜಿನ್ನು ಇಪ್ಪತ್ತು ಎಚ್‌ಪಿ ಹೆಚ್ಚು ಕೊಟ್ಟರೆ ಆ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಆದರೂ ಶೇ 25ರ ಸವೆತ ಹಿಡಿದು ಸೇರಿಸುವ ಲೆಕ್ಕದಲ್ಲಿ ಗಾಲಿಯಲ್ಲಿ ಸಿಕ್ಕ 20ರ ಲಾಭ ಹಾಳೆಯ ಮೇಲೆ 27 ಸಮೀಪಕ್ಕೆ ಹೋಗುತ್ತದೆ. ಕೆಲವು ಡೈನೋಗಳು ಓಟ ಮುಗಿದ ಮೇಲೆ ಕ್ಲಚ್ ಒತ್ತಿ ಗಾಲಿಯನ್ನು ತನ್ನಷ್ಟಕ್ಕೆ ನಿಧಾನವಾಗಲು ಬಿಟ್ಟು ಆ ನಷ್ಟವನ್ನು ಅಳೆದು ಸೇರಿಸುತ್ತವೆ. ಊಹೆಗಿಂತ ಅದು ಮೇಲು. ಅದಕ್ಕಿಂತಲೂ ಮೇಲಾದದ್ದು ಏನನ್ನೂ ಸೇರಿಸದೆ ಗಾಲಿಯ ಅಳತೆಯನ್ನೇ ಹೇಳುವುದು.

ಹವಾಮಾನದ ತಿದ್ದುಪಡಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಟರ್ಬೊ ಕಾರಿಗೂ ಸಾದಾ ಕಾರಿಗೂ ಇಲ್ಲೇ ದಾರಿ ಬೇರೆಯಾಗುವುದು. ಗಾಳಿ ತೆಳುವಾದರೆ, ಬಿಸಿಯಾದರೆ ಎಂಜಿನ್ನಿಗೆ ಉಸಿರು ಕಡಿಮೆ, ಶಕ್ತಿ ಕಡಿಮೆ. ಒಂದೂರಿನ ಅಳತೆಯನ್ನು ಇನ್ನೊಂದೂರಿನದಕ್ಕೆ ಹೋಲಿಸಬೇಕಲ್ಲ ಎಂದು ಡೈನೋದ ಸಾಫ್ಟ್‌ವೇರು ಎಲ್ಲವನ್ನೂ ಒಂದು ನಿಗದಿತ ಹವೆಗೆ ಪರಿವರ್ತಿಸುತ್ತದೆ. ಅಮೆರಿಕದ ಜೆ 1349 ಎಂಬ ಮಾನದಂಡದ ಲೆಕ್ಕಕ್ಕೆ 25 ಡಿಗ್ರಿ ಉಷ್ಣತೆ, 99 ಕಿಲೋಪಾಸ್ಕಲ್ ಒತ್ತಡದ ಒಣ ಗಾಳಿ ಆಧಾರ. ಕೊಪ್ಪಳ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ ಈ ಸೂತ್ರ ಹಾಕಿದರೆ ಅಳತೆಗೆ ಸುಮಾರು ಶೇ 8ರಿಂದ 10 ಸೇರುತ್ತದೆ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ತಂಪು ದಿನವೇ ಆದರೂ ಶೇ 12ರ ಸುತ್ತಮುತ್ತ. ಸಾದಾ ಪೆಟ್ರೋಲ್ ಎಂಜಿನ್ನಿಗೆ ಇದು ನ್ಯಾಯವೇ. ಟರ್ಬೊ ಎಂಜಿನ್ನು ಹಾಗಲ್ಲ. ಒಳಗೆ ಹೋಗುವ ಗಾಳಿಯ ಒತ್ತಡ ಇಷ್ಟೇ ಇರಬೇಕೆಂದು ಇಸಿಯು ಗೊತ್ತುಮಾಡಿರುತ್ತದೆ, ಹೊರಗಿನ ಗಾಳಿ ತೆಳುವಾದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಕೊರತೆಯ ಬಹುಪಾಲು ತುಂಬುತ್ತದೆ. ತುಂಬಿದ ಕೊರತೆಗೆ ಸಾಫ್ಟ್‌ವೇರು ಮತ್ತೆ ಪರಿಹಾರ ಕೊಟ್ಟರೆ ಅದು ಎರಡು ಸಲ ಎಣಿಸಿದಂತೆ. ಭತ್ತದ ಉದಾಹರಣೆಯನ್ನೇ ನೋಡಿ, ಸರ್ಕಾರದ ಖರೀದಿ ಕೇಂದ್ರದಲ್ಲಿ ಅದರ ತೇವ ಶೇ 17 ಮೀರಬಾರದು. ಹಸಿ ಭತ್ತಕ್ಕೆ ತೇವದ ಕಡಿತ ಮಾಡಿದರೆ ಒಪ್ಪೋಣ. ಕಣದಲ್ಲಿ ಒಣಗಿಸಿ ತಂದ ಭತ್ತಕ್ಕೂ ಅದೇ ಕಡಿತ ಹಾಕಿದರೆ ಯಾರು ಸುಮ್ಮನಿರುತ್ತಾರೆ? ಟರ್ಬೊಗೆ ಈ ತಿದ್ದುಪಡಿ ಹೊಂದದು ಎಂಬುದು ನನ್ನೊಬ್ಬನ ತರ್ಕವೂ ಅಲ್ಲ. ವಾಹನಗಳ ನಿವ್ವಳ ಶಕ್ತಿ ಅಳೆಯುವ ವಿಶ್ವಸಂಸ್ಥೆಯ ಯುರೋಪ್ ಆಯೋಗದ 85ನೇ ನಿಯಮ, ಹವೆಯ ಏರುಪೇರನ್ನು ತಾನೇ ಸರಿದೂಗಿಸಿಕೊಳ್ಳುವ ಎಂಜಿನ್ನಿಗೆ ತಿದ್ದುಪಡಿಯ ಗುಣಕವನ್ನು 1 ಎಂದು ಹಿಡಿಯಲು, ಅಂದರೆ ತಿದ್ದುಪಡಿಯನ್ನೇ ಬಿಡಲು, ಅವಕಾಶ ಕೊಟ್ಟಿದೆ. ಹಾಗೆಂದು ಟರ್ಬೊಗೆ ಎತ್ತರದ ಬಾಧೆಯೇ ಇಲ್ಲವೆನ್ನುವುದೂ ಸರಿಯಲ್ಲ. ಜೋರಾಗಿ ತಿರುಗಿದಷ್ಟೂ ಅದು ಗಾಳಿಯನ್ನು ಕಾಯಿಸುತ್ತದೆ, ಮತ್ತು ಸಣ್ಣ ಟರ್ಬೊ ತನ್ನ ಮಿತಿ ಮುಟ್ಟಿದ ಮೇಲೆ ಸಾದಾ ಎಂಜಿನ್ನಿನಂತೆಯೇ ಸೋಲುತ್ತದೆ. ಸತ್ಯ ಇರುವುದು ಸೊನ್ನೆಗೂ ಹನ್ನೆರಡಕ್ಕೂ ನಡುವೆ ಎಲ್ಲೋ. ಆ ಎಲ್ಲೋ ಎಂಬ ಜಾಗವೇ, ಸಣ್ಣ ಟ್ಯೂನಿಂಗಿನಿಂದ ಬಂದಿತೆನ್ನುವ ಲಾಭದ ಅರ್ಧದಷ್ಟಿದೆ.

ಯಂತ್ರ ಓಡಿಸುವ ರೀತಿಯಲ್ಲೂ ವ್ಯತ್ಯಾಸವಿದೆ. ಬರೀ ಭಾರದ ರೋಲರಿರುವ ಡೈನೋದಲ್ಲಿ ಓಟ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಟರ್ಬೊಗೆ ಮೈತುಂಬ ಗಾಳಿ ಕಟ್ಟಲು ಪುರುಸೊತ್ತು ಸಿಗುವುದಿಲ್ಲ. ವಿದ್ಯುತ್ ಬ್ರೇಕಿನಿಂದ ಹಿಡಿದು ನಿಲ್ಲಿಸುವ ಡೈನೋದಲ್ಲಿ ಅದೇ ಕಾರು ಬೇರೆ ಗೆರೆ ಬರೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಮುಂದೆ ಒಂದು ಫ್ಯಾನ್ ಇಟ್ಟು, ಬಿಸಿಲು ಹೊತ್ತಿನಲ್ಲಿ ಮೂರು ಸಲ ಓಡಿಸಿದರೆ ಮೂರನೆಯ ಓಟ ಮೊದಲಿನದಕ್ಕಿಂತ ಕೆಳಗಿಳಿಯುವುದು ಸಹಜ, ಇಂಟರ್‌ಕೂಲರು ಕಾದಿರುತ್ತದೆ. ಬೆಳಗ್ಗೆ ತಂಪಿನಲ್ಲಿ ಟ್ಯೂನ್ ಆದ ಕಾರಿನ ಮೊದಲ ಓಟವನ್ನು, ಹಿಂದಿನ ದಿನ ಮಧ್ಯಾಹ್ನ ಸಾದಾ ಕಾರು ಓಡಿದ ನಾಲ್ಕನೆಯ ಓಟಕ್ಕೆ ಹೋಲಿಸಿದರೆ ಯಾರೂ ಸುಳ್ಳು ಹೇಳದೆಯೇ ಸುಳ್ಳು ತಯಾರಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಡೈನೋವನ್ನೇ ಬಿಟ್ಟುಬಿಡಿ, ಕಂಪನಿ ಹೇಳಿದ್ದೇ ಖರೆ ಎನ್ನುವವರಿದ್ದಾರೆ. ಅದಕ್ಕೆ ಚರಿತ್ರೆ ಒಪ್ಪುವುದಿಲ್ಲ. 1999ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮಸ್ಟಾಂಗ್ ಕೋಬ್ರಾ ಕಾರಿಗೆ 320 ಎಚ್‌ಪಿ ಎಂದು ಘೋಷಿಸಿತ್ತು. ಕೊಂಡವರು ತಮ್ಮ ತಮ್ಮ ಊರಿನ ರೋಲರುಗಳ ಮೇಲೆ ಹತ್ತಿಸಿ ನೋಡಿ ಅಷ್ಟಿಲ್ಲ ಎಂದರು. ಕಂಪನಿ ಮಾರಾಟ ನಿಲ್ಲಿಸಿ, ಮಾರಿದ ಕಾರುಗಳನ್ನು ವಾಪಸು ಕರೆಸಿ ಭಾಗಗಳನ್ನು ಬದಲಿಸಿಕೊಡಬೇಕಾಯಿತು. 2002ರಲ್ಲಿ ಹ್ಯುಂಡೈ ಕೂಡ ಅಮೆರಿಕದಲ್ಲಿ ಮಾರಿದ ಹಲವು ಕಾರುಗಳ ಎಚ್‌ಪಿಯನ್ನು ಹೆಚ್ಚು ಹೇಳಿದ್ದಾಗಿ ಒಪ್ಪಿಕೊಂಡಿತು. ತಿರುವುಮುರುವಾದದ್ದೂ ಉಂಟು. ಜಪಾನಿನ ಕಂಪನಿಗಳು 2004ರವರೆಗೆ ತಮ್ಮೊಳಗೇ ಮಾಡಿಕೊಂಡ ಒಪ್ಪಂದದಂತೆ 280 ಪಿಎಸ್ ಮೀರಿ ಹೇಳುತ್ತಿರಲಿಲ್ಲ, ಟರ್ಬೊ ಕಾರುಗಳು ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೂ. ಹೀಗಿರುವಾಗ ಕಾಗದದ 75ನ್ನು ಖಾಲಿ ತೂಕವೆಂದು ಹಿಡಿಯುವುದು ಎರಡು ಬಗೆಯಲ್ಲಿ ಅಪಾಯ. ನಿಜವಾಗಿ 80 ಕೊಡುವ ಎಂಜಿನ್ನು ಸಾಫ್ಟ್‌ವೇರ್ ಬದಲಾದ ಮೇಲೆ 95 ತೋರಿಸಿದರೆ ಕೆಲಸದ ಫಲ 15, ಹೇಳಿಕೊಳ್ಳುವುದು 20. ಇಂಜೆಕ್ಟರ್ ಸವೆದು 68ಕ್ಕೆ ಇಳಿದ ಹಳೆಯ ಕಾರಿನಲ್ಲಿ ಲೆಕ್ಕ ಉಲ್ಟಾ ಆಗಿ, ಒಳ್ಳೆಯ ಕೆಲಸ ಮಾಡಿದ ಮೆಕ್ಯಾನಿಕ್ಕಿಗೆ ಅನ್ಯಾಯವಾಗುತ್ತದೆ. ಈ ಎರಡನೆಯದನ್ನು ಯಾರೂ ನೆನೆಯುವುದಿಲ್ಲ, ನನಗೆ ಅದೂ ಅಷ್ಟೇ ಮುಖ್ಯ.

ಬಲವಾದ ಆಕ್ಷೇಪ ಇನ್ನೊಂದಿದೆ. ಕಾಟಾದ ತಪ್ಪು ಎರಡೂ ಸಲ ಒಂದೇ ಇದ್ದರೆ ಅಳಿಯುತ್ತದೆ, ಸರಿ. ಆದರೆ ಡೈನೋ ಎಲ್ಲವನ್ನೂ ಶೇ 10ರಷ್ಟು ಹಿಗ್ಗಿಸಿ ತೋರಿಸುವಂಥದ್ದಾದರೆ ವ್ಯತ್ಯಾಸವೂ ಹಿಗ್ಗುತ್ತದಲ್ಲ? ಹಿಗ್ಗುತ್ತದೆ, ಆದರೆ ಎಷ್ಟು ಎಂದು ಲೆಕ್ಕ ಹಾಕಿ. ನಿಜವಾದ ಲಾಭ 20 ಇದ್ದರೆ ಹಾಳೆ 22 ಎನ್ನುತ್ತದೆ. ತಪ್ಪು ಎರಡು ಎಚ್‌ಪಿ. ಅದೇ ಡೈನೋದ ಒಂಟಿ ಹಾಳೆಯಲ್ಲಿ ನಿಜವಾದ 95 ಎಂಬುದು 104 ದಾಟಿ, ಕಂಪನಿಯ 75ರ ಪಕ್ಕದಲ್ಲಿ ನಿಂತು 29ರ ಲಾಭ ಎಂದು ಹೇಳಿಕೊಳ್ಳುತ್ತದೆ. ಅಲ್ಲಿ ತಪ್ಪು ಒಂಬತ್ತು. ಎರಡು ಹಾಳೆಯ ವಿಧಾನ ಪರಿಪೂರ್ಣ ಎಂದು ನಾನು ಹೇಳುತ್ತಿಲ್ಲ, ಅದರ ತಪ್ಪು ಸಹಿಸುವಷ್ಟು ಸಣ್ಣದು ಎನ್ನುತ್ತಿದ್ದೇನೆ.

ಕಾಗದವೆಲ್ಲ ಯಾಕೆ, ಪಿಕಪ್ಪು ಕಾಲಿಗೇ ಗೊತ್ತಾಗುತ್ತದೆ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು. ಕಾಲು ತಿಳಿಸುವುದು ನಿಜ, ಏನನ್ನು ತಿಳಿಸುತ್ತದೆ ಎಂಬುದು ಬೇರೆ. ಈಗಿನ ಕಾರುಗಳಲ್ಲಿ ಆ್ಯಕ್ಸಿಲರೇಟರ್ ಪೆಡಲ್ ಎಂಜಿನ್ನಿಗೆ ನೇರ ತಂತಿಯಿಂದ ಕಟ್ಟಿಲ್ಲ, ಅದು ಇಸಿಯುಗೆ ಹೇಳುವ ಕೋರಿಕೆ ಮಾತ್ರ. ಅರ್ಧ ಒತ್ತಿದರೆ ಮುಕ್ಕಾಲು ಕೊಡು ಎಂದು ಸಾಫ್ಟ್‌ವೇರಿನಲ್ಲಿ ಬರೆದುಬಿಟ್ಟರೆ ಎಂಜಿನ್ನಿನ ಗರಿಷ್ಠ ಶಕ್ತಿ ಒಂದು ಎಚ್‌ಪಿಯಷ್ಟೂ ಹೆಚ್ಚದೆ ಕಾರು ನೆಗೆದಂತೆ ಅನಿಸುತ್ತದೆ. ಸೈಲೆನ್ಸರಿನ ಸದ್ದು ಏರಿದರೂ ಅದೇ ಭ್ರಮೆ. ಆದರೆ ಈ ಮಾತಿನೊಳಗೆ ಗೌರವಿಸಬೇಕಾದ ಒಂದು ತಿರುಳಿದೆ. ಕೊಪ್ಪಳದಿಂದ ಕುಷ್ಟಗಿಗೆ ಹೋಗುವವನು 4000 ಆರ್‌ಪಿಎಂನಲ್ಲಿ ಓಡಿಸುವುದಿಲ್ಲ, 1800ರಿಂದ 2500ರ ನಡುವೆ ಓಡಿಸುತ್ತಾನೆ. 190 ನ್ಯೂಟನ್ ಮೀಟರ್ 2000 ಆರ್‌ಪಿಎಂನಲ್ಲಿ ಕೊಡುವುದು 54 ಪಿಎಸ್ ಮಾತ್ರ. ಸ್ವಿಫ್ಟ್‌ನ ಈ ಎಂಜಿನ್ನಿನಲ್ಲಿ 1800ರ ಕೆಳಗೆ ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ ಎಂಬುದು ಓಡಿಸಿದವರೆಲ್ಲರ ಅನುಭವ. ಒಳ್ಳೆಯ ಟ್ಯೂನಿಂಗು ಆ ತಗ್ಗನ್ನು ತುಂಬಿದ್ದರೆ ದಿನನಿತ್ಯದ ಉಪಯೋಗಕ್ಕೆ ಅದು ತುದಿಯ ಇಪ್ಪತ್ತು ಎಚ್‌ಪಿಗಿಂತ ದೊಡ್ಡ ಲಾಭ. ಅದು ಹಾಳೆಯ ಮೇಲಿನ ದಪ್ಪಕ್ಷರದ ಅಂಕಿಯಲ್ಲಿ ಕಾಣುವುದಿಲ್ಲ, ಎರಡು ಗೆರೆಗಳ ನಡುವಿನ ಜಾಗದಲ್ಲಿ ಕಾಣುತ್ತದೆ. ಎರಡು ಗೆರೆ ಕಾಣಬೇಕಾದರೆ ಮತ್ತೆ ಎರಡು ಹಾಳೆಯೇ ಬೇಕು.

ಹಾಳೆಯೇ ಇಲ್ಲದಾಗಲೂ ಒಂದು ಪರೀಕ್ಷೆ ಉಳಿದಿರುತ್ತದೆ, ಹೊಗೆ. 75ರಿಂದ 100 ಆಗುವುದೆಂದರೆ ಶಕ್ತಿ ಮೂರರಲ್ಲಿ ಒಂದು ಪಾಲು ಹೆಚ್ಚುವುದು. ಹೆಚ್ಚುಕಡಿಮೆ ಅಷ್ಟೇ ಪಾಲು ಡೀಸೆಲ್ ಹೆಚ್ಚು ಬೇಕು, ಅದನ್ನು ಸುಡಲು ಅಷ್ಟೇ ಪಾಲು ಗಾಳಿ. ಡೀಸೆಲ್ ಸುರಿಯುವುದು ಸುಲಭ, ಸಾಫ್ಟ್‌ವೇರಿನ ಕೆಲಸ. ಗಾಳಿ ತರಬೇಕಾದದ್ದು ಟರ್ಬೊ. ಇದೇ 1248 ಸಿಸಿ ಎಂಜಿನ್ನಿನಿಂದ 90 ಪಿಎಸ್ ತೆಗೆಯಲು ತಯಾರಕರು ರೆಕ್ಕೆಯ ಕೋನ ಬದಲಿಸುವ ಬೇರೆಯೇ ಟರ್ಬೊ ಹಾಕಿದರು, ಎರ್ಟಿಗಾ, ಸಿಯಾಜ್‌ಗಳಲ್ಲಿ ಬಂದದ್ದು ಅದು. ಎಂಜಿನ್ನಿನ ಬಾಳಿಕೆ, ಹೊಗೆಯ ನಿಯಮ, ಕೆಟ್ಟ ಡೀಸೆಲ್ ಎಲ್ಲಕ್ಕೂ ಕಂಪನಿ ಬಿಟ್ಟಿರುವ ಅಂಚನ್ನು ಟ್ಯೂನರು ಬಳಸಿಕೊಳ್ಳಬಹುದು, ಆದ್ದರಿಂದ ಹಳೆಯ ಸಣ್ಣ ಟರ್ಬೊದಿಂದ ನೂರು ಬರಲಾರದು ಎಂದು ನಾನು ಹೇಳುವುದಿಲ್ಲ. ಹಿಂದೆ ಕರಿ ಹೊಗೆ ಎದ್ದರೆ ಮಾತ್ರ ಗಾಳಿ ಸಾಲದೆ ಡೀಸೆಲ್ ಮಸಿಯಾಗಿ ಹೋಗುತ್ತಿದೆ ಎಂದೇ ಅರ್ಥ. ಪಂಪ್ ಸೆಟ್ಟಿಂಗ್ ಏರಿಸಿ ಕಬ್ಬಿನ ಎರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರಿನ ಕೊಳವೆಯಲ್ಲಿ ಕಾಣುವುದೂ ಅದೇ ಮಸಿ.

ಚೀಟಿ ಕೊಡುವ ರೂಢಿ ಈ ವ್ಯವಹಾರದಲ್ಲಿ ಯಾಕೆ ಬೆಳೆಯಲಿಲ್ಲ ಎಂಬುದಕ್ಕೆ ಕಾರಣ ಕಾನೂನಿನಲ್ಲಿದೆ ಎಂದು ನನಗನಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಮ್ಮೆ ಖಡಕ್ಕಾಗಿ ಹೇಳಿತು. ಹಾಗಾಗಿ ಬಿಲ್ಲಿಲ್ಲದೆ ನಡೆಯುವ ಕೆಲಸಕ್ಕೆ ಅಳತೆಯ ಕಾಗದವೂ ಇರುವುದಿಲ್ಲ, ಕಾಗದವಿಲ್ಲದ ಕಡೆ ಬಾಯಿಮಾತಿನ ಎಚ್‌ಪಿ ಬೆಳೆಯುತ್ತದೆ. ತೂಕದ ಕಾಟಾಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು, ಟ್ಯೂನಿಂಗ್ ಶೆಡ್ಡಿನ ಡೈನೋವನ್ನು ಹಾಗೆ ಪರೀಕ್ಷಿಸಿ ಮುದ್ರೆ ಒತ್ತುವವರು ಯಾರೂ ಇಲ್ಲ. ಇದನ್ನು ಸರಿದೂಗಿಸಲು ಕೆಲವರು ಕುಷ್ಟಗಿಯಿಂದ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಂಥ ನೇರ ರಸ್ತೆಯಲ್ಲಿ ಕೈಗಡಿಯಾರ ಹಿಡಿದು ವೇಗ ಪರೀಕ್ಷೆಗೆ ಇಳಿಯುತ್ತಾರೆ. ಭಾರ, ವೇಗ, ಹೊತ್ತಿನ ಲೆಕ್ಕದಿಂದ ಶಕ್ತಿ ತೆಗೆಯಬಹುದು ಎಂಬುದು ಶಾಸ್ತ್ರಕ್ಕೆ ಸರಿ. ಆ ರಸ್ತೆಯಲ್ಲಿ ಕುರಿಮಂದೆ ದಾಟುತ್ತದೆ, ದೀಪವಿಲ್ಲದ ಟ್ರೇಲರ್ ನಿಂತಿರುತ್ತದೆ. ಒಂದು ಅಂಕಿಯನ್ನು ತಿಳಿಯಲು ಅಲ್ಲಿ ಜೀವ ಪಣಕ್ಕಿಡುವುದನ್ನು ನಾನು ಖಂಡಿತ ಒಪ್ಪಲಾರೆ. ರೋಲರಿನ ಮೇಲೆ ಹೆಚ್ಚೆಂದರೆ ಅರ್ಧ ತಾಸು, ಮೂರು ಓಟ ಮುಂಚೆ, ಮೂರು ಓಟ ಆಮೇಲೆ. ನಡುವೆ ಎಂಜಿನ್ನು ಆರಲು ಬಿಡಬೇಕು, ಟಯರಿನ ಗಾಳಿ ಮುಟ್ಟಬಾರದು, ಗೇರು ಬದಲಿಸಬಾರದು. ಹಾಳೆಯ ಮೂಲೆಯಲ್ಲಿ ಉಷ್ಣತೆ, ಒತ್ತಡ, ತಿದ್ದುಪಡಿಯ ಗುಣಕ ಅಚ್ಚಾಗಿರಬೇಕು, ಕಾಟಾದ ಚೀಟಿಯಲ್ಲಿ ವೇಳೆ ಅಚ್ಚಾಗಿರುವಂತೆ. ಗುಣಕದ ಜಾಗದಲ್ಲಿ 1.00 ಇದ್ದರೆ ಮುಂದೆ ಓದಬಹುದು. 1.12 ಇದ್ದರೆ ಎರಡೂ ಹಾಳೆಯನ್ನು ಅದರಿಂದ ಭಾಗಿಸಿ, ಆಮೇಲೆ ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು.